ಎಂಟು ಬೋಲ್ಟುಗಳ ಕ್ಲೈಮ್ಯಾಕ್ಸ್

ನಿನ್ನೆ ಮನೆಗೊಂದು ಮೇಜು ಬಂತು. ಮೇಜು ಎಂದರೆ ಪೂರ್ತಿ ಮೇಜಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಹಲಗೆ, ನಾಲ್ಕು ಕಬ್ಬಿಣದ ಕಾಲು, ಸಣ್ಣ ಪೊಟ್ಟಣದಲ್ಲಿ ಎಂಟು ಬೋಲ್ಟು. ಈಗೆಲ್ಲ ಕೊಂಡವನೇ ಜೋಡಿಸಿಕೊಳ್ಳಬೇಕಂತೆ. ಪೊಟ್ಟಣ ಹರಿದಾಗ, ತುಕ್ಕು ಹಿಡಿಯದಿರಲೆಂದು ಬೋಲ್ಟುಗಳಿಗೆ ಸವರಿದ್ದ ಎಣ್ಣೆಯ ವಾಸನೆ ಮೂಗಿಗೆ ಬಂತು. ನಿಮಗೆ ಅದು ಬರೀ ಎಣ್ಣೆ, ನನಗೆ ಇಡೀ ಪೀಣ್ಯ. ಹುರುಪಿನಲ್ಲಿ ನಡುಮನೆಯಲ್ಲೇ ಕುಳಿತು ಎಂಟನ್ನೂ ಬಿಗಿದುಬಿಟ್ಟೆ. ಹೆಂಡತಿ ಬಂದು ಸುತ್ತ ತಿರುಗಿ ನೋಡಿದಳು.

“ಚೆನ್ನಾಗೇನೋ ಇದೆ. ರೂಮಿನ ಬಾಗಿಲಲ್ಲಿ ಹೇಗ್ರೀ ಹೋಗುತ್ತೆ?”

ಅಳೆದು ನೋಡಿದೆ. ಹೋಗುವುದಿಲ್ಲ.

“ಇನ್ನೂ ಬುದ್ಧಿ ಬರ್ಲಿಲ್ಲ ನಿಮಗೆ. ಸೀತಾಪತಿಗೆ ಫೋನ್ ಮಾಡ್ಲಾ?” ಎಂದು ನಕ್ಕಳು.

ಸೀತಾಪತಿ ಯಾರೆಂದು ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದಲ್ಲಿ ನಾವಿಬ್ಬರೂ ಪೀಣ್ಯದ ಒಂದು ಯಂತ್ರದ ಕಾರ್ಖಾನೆಯಲ್ಲಿದ್ದೆವು. ಅವನು ಯಂತ್ರಗಳ ನಕ್ಷೆ ಬರೆಯುವವನು, ನಾನು ಆ ನಕ್ಷೆಗಳನ್ನು ಕೆಂಪು ಪೆನ್ಸಿಲ್ ಹಿಡಿದು ತಿದ್ದುವವನು. ನನ್ನ ಸಹಿ ಬಿದ್ದ ನಕ್ಷೆಯನ್ನು ಆಮೇಲೆ ಯಾರೂ ಪ್ರಶ್ನಿಸುವಂತಿರಲಿಲ್ಲ, ಅದು ನಮ್ಮಲ್ಲಿನ ಕಟ್ಟಳೆ. ಆ ಸಹಿಯ ಮೇಲೆ ನನಗಿದ್ದ ಜಂಬ ಅಷ್ಟಿಷ್ಟಲ್ಲ.

ಸೀತಾಪತಿ ಊಟದ ವಿರಾಮದಲ್ಲಿ ಹಾಳಾದ ನಕ್ಷೆಗಳ ಹಿಂಬದಿಯಲ್ಲಿ ಕಾದಂಬರಿ ಬರೆಯುತ್ತಿದ್ದ. ಅವನ ಕಥೆಗಳಲ್ಲಿ ಕುಂದಲಹಳ್ಳಿಯ ಕೆರೆಯ ತಳದಲ್ಲಿ ಶತ್ರುಗಳ ಜಲಾಂತರ್ಗಾಮಿ ಅಡಗಿರುತ್ತಿತ್ತು, ಚಂದಾಪುರದ ರಾಗಿ ಹೊಲದ ಕೆಳಗೆ ಕ್ಷಿಪಣಿ ಇರುತ್ತಿತ್ತು. ವಾರಪತ್ರಿಕೆಯಲ್ಲಿ ಮೊದಲ ಧಾರಾವಾಹಿ ಬಂದಾಗ ಪೀಣ್ಯದ ಟರ್ನರ್‌ಗಳು, ಫಿಟ್ಟರ್‌ಗಳು ಕಾಗದದ ಮೇಲೆ ಕಾಗದ ಬರೆದರು. ಹೊಗಳಿಕೆಯಲ್ಲ, ದೂರು: ಏಳನೇ ಕಂತಿನಲ್ಲಿ ಗೇರು ನೀವು ಹೇಳಿದ ಕಡೆಗೆ ತಿರುಗುವುದಿಲ್ಲ ಸ್ವಾಮಿ! ಅಂದಿನಿಂದ ಅವನು ಪ್ರತಿ ಅಧ್ಯಾಯವನ್ನೂ ನನ್ನ ಮೇಜಿಗೆ ತಂದಿಡತೊಡಗಿದ. ನಾನು ಯಂತ್ರಗಳನ್ನು ತಿದ್ದಿದೆ. ಅಲ್ಲಿಗೆ ನಿಲ್ಲಿಸದೆ ಒಮ್ಮೆ ನಾಯಕ ನಾಯಕಿಯರ ಸಲ್ಲಾಪಕ್ಕೂ ಪೆನ್ಸಿಲ್ ಹಾಕಿದೆ.

“ಗುರುಗಳೇ, ಬೋಲ್ಟು ನಿಮ್ದು, ಪ್ರೀತಿ ನಂದು. ಅದನ್ನ ಮುಟ್ಬೇಡಿ” ಎಂದ.

ಪುಸ್ತಕಗಳು ಬಿಸಿ ಇಡ್ಲಿಯ ಹಾಗೆ ಖರ್ಚಾದವು. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಅವುಗಳನ್ನು ಕೂಗಿ ಮಾರುತ್ತಿದ್ದರು. ನಮ್ಮ ಬಡಾವಣೆಯ ಲೈಬ್ರರಿಯ ಪ್ರತಿಗಳಲ್ಲಿ ಪುಟಪುಟಕ್ಕೂ ಗ್ರೀಸಿನ ಬೆರಳಚ್ಚು. ಹತ್ತು ಹದಿನೈದು ಕಾದಂಬರಿಗಳಾದ ಮೇಲೆ ಅವನಿಗೆ ಸಿನಿಮಾ ಹುಚ್ಚು ಹಿಡಿಯಿತು. ಕಾರ್ಖಾನೆಗೆ ದೀರ್ಘ ರಜೆ ಹಾಕಿ, ಊರಲ್ಲಿ ಇರುವವರನ್ನೆಲ್ಲ ಸಹಾಯಕ್ಕೆ ಒಪ್ಪಿಸಿ, ಒಂದೊಂದೇ ದೃಶ್ಯ ತೆಗೆಯುತ್ತ ಹೋದ. ಕೊನೆಗೆ ಉಳಿದದ್ದು ಕ್ಲೈಮ್ಯಾಕ್ಸ್. ಖಳನ ಯಂತ್ರ ಇಡೀ ಬೆಂಗಳೂರನ್ನು ಕತ್ತಲಲ್ಲಿ ಮುಳುಗಿಸಲಿದೆ; ಹತ್ತು ನಿಮಿಷ ಬಾಕಿ ಇರುವಾಗ ಇಂಜಿನಿಯರ್ ನಾಯಕ ಬಂದು ಒದೆಯುತ್ತಾನೆ, ಯಂತ್ರ ಕುಸಿದು ಬೀಳುತ್ತದೆ. ಇಷ್ಟೇ.

ಆ ಯಂತ್ರದ ನಕ್ಷೆ ನನ್ನ ಮೇಜಿಗೆ ಬಂತು. ತೆಳು ತಗಡು, ನಾಲ್ಕು ಸಣ್ಣ ಬೋಲ್ಟು. ನೋಡಿ ನನಗೆ ಸಿಟ್ಟೇ ಬಂತು. ಇಂಥ ದುರ್ಬಲ ಯಂತ್ರಕ್ಕೆ ನಾನು ಸಹಿ ಹಾಕುವುದೇ? ತಗಡು ಹೊಡೆದುಹಾಕಿ ದಪ್ಪ ಕಬ್ಬಿಣದ ಪಟ್ಟಿ ಬರೆದೆ. ನಾಲ್ಕನ್ನು ಎಂಟು ಮಾಡಿದೆ. ಕಥೆ ನನಗೆ ಬಾಯಿಪಾಠವಾಗಿತ್ತು. ಆದರೂ ಇದು ಬೀಳಬೇಕಾದ ಯಂತ್ರ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಸಹಿ ಬಿದ್ದ ಮೇಲೆ ಸೀತಾಪತಿಯೂ ನೋಡಲಿಲ್ಲ. ನಮ್ಮ ಫಿಟ್ಟರ್ ಮುನಿಶಾಮಪ್ಪ ಭಾನುವಾರಗಳಲ್ಲಿ ಕುಳಿತು ಭಕ್ತಿಯಿಂದ ಅದನ್ನು ಕಟ್ಟಿದ.

ಕಾಡುಗೋಡಿಯ ಹತ್ತಿರ ಖಾಲಿ ಬಿದ್ದಿದ್ದ ಹೆಂಚಿನ ಶೆಡ್ಡಿನಲ್ಲಿ ಚಿತ್ರೀಕರಣ. ಸಂಜೆಗೆ ಕ್ಯಾಮೆರಾ ಹಿಂತಿರುಗಿಸಬೇಕು, ನಾಯಕ ಮದ್ರಾಸಿನ ರೈಲು ಹತ್ತಬೇಕು. ಈ ದೃಶ್ಯ ಅಂದು ಆಗದಿದ್ದರೆ ಸಿನಿಮಾವೇ ಇಲ್ಲ. ನಾಯಕ ಓಡಿ ಬಂದು ಒದ್ದ. ಯಂತ್ರ ಅಲ್ಲಾಡಲಿಲ್ಲ. ಮತ್ತೆ ಒದ್ದ. ಬೂಟಿನ ಹಿಮ್ಮಡಿ ಕಿತ್ತು ಬಂತು.

ಮುನಿಶಾಮಪ್ಪನ ಮುಖ ಅರಳಿತ್ತು. “ಎಂಗೈತೆ ಸಾ? ಆನೆ ಬಂದು ಒದ್ರೂ ಅಲ್ಲಾಡಾಕಿಲ್ಲ!”

ನನಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು. ಗೆಳೆಯನ ಎಷ್ಟೋ ವರ್ಷಗಳ ಕನಸನ್ನು ನನ್ನ ಕೆಂಪು ಪೆನ್ಸಿಲ್ ಹಾಳು ಮಾಡಿತ್ತು. ಸೀತಾಪತಿ ಬಯ್ಯಲಿಲ್ಲ. ಕಲ್ಲಿನ ಮೇಲೆ ಕುಳಿತು ಯಂತ್ರವನ್ನೇ ನೋಡುತ್ತಿದ್ದ.

“ಗುರುಗಳೇ, ಇದನ್ನ ಬಿಚ್ಚೋಕೆ ಎಷ್ಟು ಹೊತ್ತು ಬೇಕು?”

“ಹತ್ತು ನಿಮಿಷ ಕಣೋ” ಎಂದೆ, ಸಣ್ಣ ದನಿಯಲ್ಲಿ.

“ನಮ್ಮ ಹೀರೋಗೂ ಹತ್ತು ನಿಮಿಷ ಇದೆಯಲ್ಲ!” ಎಂದು ಎದ್ದು ನಿಂತ. “ಸಿನಿಮಾ ಪೂರ್ತಿ ಎಲ್ಲಾ ಅಳೆದೂ ಸುರಿದೂ ಮಾಡೋ ಇಂಜಿನಿಯರ್ ಕೊನೇಲಿ ಯಾಕ್ ಒದೀತಾನೆ? ಬಿಚ್ಚಲಿ!”

ನಾಯಕ ಸ್ಪ್ಯಾನರನ್ನು ಸಾರಿನ ಸೌಟಿನಂತೆ ಹಿಡಿದ. ಕೊನೆಗೆ ಅವನ ಅಂಗಿಯನ್ನು ನನಗೆ ತೊಡಿಸಿ, ನನ್ನ ಕೈಗಳನ್ನಷ್ಟೇ ಹತ್ತಿರದಿಂದ ತೆಗೆದರು. ಹಳೆಯ ಏಟಿಗೆ ಕಪ್ಪಾಗಿದ್ದ ನನ್ನ ಹೆಬ್ಬೆರಳ ಉಗುರನ್ನು ಮರೆಮಾಡಲು ಯಾರಿಗೂ ಹೊಳೆಯಲಿಲ್ಲ. ಬಿಸಿಲು ಇಳಿಯುವಷ್ಟರಲ್ಲಿ ಎಂಟನೆಯ ಬೋಲ್ಟು ಬಿಚ್ಚಿತು, ಯಂತ್ರ ಮಲಗಿತು. ಮುನಿಶಾಮಪ್ಪನೊಬ್ಬನ ಕಣ್ಣು ಮಾತ್ರ ಒದ್ದೆಯಾಗಿತ್ತು.

ಮನೆಯಲ್ಲಿ ನಾನು ಏನೂ ಹೇಳಲಿಲ್ಲ, ನಾಚಿಕೆ. ಸಿನಿಮಾ ಬಂದ ದಿನ ಹೆಂಡತಿಯೊಂದಿಗೆ ಹೋದೆ. ಥಿಯೇಟರ್ ತುಂಬ ಕಾರ್ಖಾನೆಯ ಜನ. ಸ್ಪ್ಯಾನರ್ ತೆರೆಯ ಮೇಲೆ ಬಂದದ್ದೇ ತಡ, ಎಲ್ಲರೂ ಎಣಿಸಲು ಶುರು: ಒಂದು! ಎರಡು! ಇಂಥ ಕ್ಲೈಮ್ಯಾಕ್ಸನ್ನು ಅವರು ಅದುವರೆಗೆ ನೋಡಿರಲಿಲ್ಲ. ತೆರೆಯ ಮೇಲೆ ಅವರ ದಿನದ ಕೆಲಸವೇ ಊರನ್ನು ಉಳಿಸುತ್ತಿತ್ತು. ಎಂಟನೆಯದಕ್ಕೆ ಬರುವಾಗ, ಕಪ್ಪಾದ ಹೆಬ್ಬೆರಳ ಉಗುರನ್ನು ಗುರುತಿಸಿ ನನ್ನ ಹೆಂಡತಿ ಎದ್ದು ನಿಂತು ಕೂಗಿದಳು: “ಅಯ್ಯೋ, ನಮ್ಮನೆಯವರ ಕೈ!”

ಸಿಳ್ಳೆಯೋ ಸಿಳ್ಳೆ. ಕೊನೆಯ ಫಲಕ ನಮ್ಮ ನಕ್ಷೆಗಳ ಮೂಲೆಯಲ್ಲಿರುವ ಚೌಕದಂತೆಯೇ ಇತ್ತು. ರಚನೆ: ಸೀತಾಪತಿ. ಜೋಡಣೆ: ಮುನಿಶಾಮಪ್ಪ. ಪರಿಶೀಲನೆ ಎಂಬಲ್ಲಿ ನನ್ನ ಹೆಸರು. ತಪ್ಪು ಮಾಡಿದವನ ಹೆಸರೇಕೆ ಹಾಕಿದೆ ಎಂದು ಆಮೇಲೆ ಕೇಳಿದೆ.

“ನೀವು ಸರಿಯಾಗಿ ಮಾಡಿದ್ದಿದ್ರೆ ನಾನು ಎಲ್ಲರ ಹಾಗೆ ಒದೆಸಿ ಮುಗಿಸಿಬಿಡ್ತಿದ್ದೆ ಗುರುಗಳೇ” ಎಂದ.

ಅವನು ಆಮೇಲೂ ಬರೆದ, ಇನ್ನೂ ಎರಡು ಸಿನಿಮಾ ಮಾಡಿದ. ಒಂದು ಮಕಾಡೆ ಮಲಗಿತು, ಅದಕ್ಕೂ ನಕ್ಕ. ಈಗಲೂ ಫೋನಿನಲ್ಲಿ ಹೊಸ ಕಥೆ ಹೇಳುತ್ತಾನೆ, ಈಗಲೂ ನಾನು ತಿದ್ದುತ್ತೇನೆ.

ನಿನ್ನೆ ಮೇಜನ್ನು ಬಿಚ್ಚಲು ಕುಳಿತೆ. ಬಿಗಿದದ್ದಕ್ಕೆ ನನ್ನನ್ನೇ ಬಯ್ದುಕೊಳ್ಳಬೇಕಿದ್ದವನು, ಯಾಕೋ ಖುಷಿಯಾಗಿದ್ದೆ. ಹೆಂಡತಿ ಎದುರಿಗೆ ಕುರ್ಚಿ ಎಳೆದುಕೊಂಡಳು. “ಕ್ಯಾಮೆರಾ ಇಲ್ಲ ಕಣ್ರೀ, ಬೇಗ ಬೇಗ ಬಿಚ್ಚಿ” ಎಂದಳು. ಹಾಗೆನ್ನುತ್ತಲೇ ಎಣಿಸತೊಡಗಿದಳು. ಏಳಾಯಿತು. ಎಂಟನೆಯದಕ್ಕೆ ಸ್ಪ್ಯಾನರ್ ಹಚ್ಚಿ, ಬಿಚ್ಚದೆ ಸುಮ್ಮನೆ ಹಿಡಿದುಕೊಂಡು ಅವಳ ಕಡೆ ನೋಡಿದೆ. ಅವಳು ಕುರ್ಚಿಯಿಂದ ಎದ್ದು ನಿಂತಳು, ಕೂಗಿದಳು: “ಅಯ್ಯೋ, ನಮ್ಮನೆಯವರ ಕೈ!”