ಬಾನೆಟ್ ಮುಚ್ಚುವ ಮುನ್ನ

ದಾನಕ್ಕೆ ಕೊಡುವ ಬಟ್ಟೆಯ ಜೇಬುಗಳನ್ನು ಎರಡೆರಡು ಸಲ ತಡಕುವುದು ನನ್ನ ಹಳೆಯ ಚಾಳಿ. ಒಂದು ಸಲ ನಾನು, ಇನ್ನೊಂದು ಸಲವೂ ನಾನೇ. ಏಕೆಂದರೆ ಮೊದಲ ಸಲ ನೋಡಿದವನ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಈ ಸಲ ಹಿಮ ಕರಗಿದ ಮೇಲೆ ಮಿಲ್ಟನ್ನಿನ ನಮ್ಮ ಬೇಸ್‌ಮೆಂಟಿನಲ್ಲಿ ಹೆಂಡತಿ ಸುಮಾ ಹಳೆಯ ಕೋಟುಗಳನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದಳು. ನನ್ನ ಬೂದು ಕೋಟಿನ ಜೇಬಿಗೆ ಎರಡನೆಯ ಸಲ ಕೈ ಹಾಕಿದಾಗ, ಹರಿದ ಅಸ್ತರಿನೊಳಗೆ ಬೆರಳಿಗೇನೋ ಗಟ್ಟಿಯಾದದ್ದು ತಾಗಿತು. ಎಳೆದು ನೋಡಿದರೆ ಹೆಬ್ಬೆರಳಿನಷ್ಟುದ್ದದ ಒಂದು ಕಪ್ಪು ತುಂಡು, ಅದರ ಮೇಲೊಂದು ಹಿತ್ತಾಳೆಯ ಪಟ್ಟಿ. ಮೂಗಿಗೆ ಹಿಡಿದೆ. ಹಳೆಯ ಗ್ರೀಸಿನ ವಾಸನೆ ಇನ್ನೂ ಇತ್ತು.

"ಏನ್ರೀ ಅದು?" ಎಂದಳು ಸುಮಾ.

"ಏನಿಲ್ಲ" ಎಂದೆ. ಏನಿಲ್ಲ ಎಂದವನನ್ನು ನಾನಾಗಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ. ಅವಳು ಬಿಟ್ಟಳು.

ನಾನು ಹುಟ್ಟಾ ಅನುಮಾನದ ಪ್ರಾಣಿ. ಮೊಸರಲ್ಲಿ ಕಲ್ಲು ಹುಡುಕೋನು ಎಂದು ನಮ್ಮಮ್ಮ ಮೈಸೂರಿನಲ್ಲಿದ್ದಾಗಲೇ ಬಿರುದು ಕೊಟ್ಟಿದ್ದಳು. ಕೆನಡಾಕ್ಕೆ ಬಂದ ಮೇಲೆ ಅದೇ ಗುಣಕ್ಕೆ ಸಂಬಳವೂ ಸಿಕ್ಕಿತು. ಬರ್ಲಿಂಗ್ಟನ್ನಿನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಸರಿಯಾಗಿದೆ ಎಂದು ಬಂದದ್ದನ್ನೆಲ್ಲ ಸರಿಯಿಲ್ಲ ಎಂದುಕೊಂಡೇ ನೋಡುವುದು ಕೆಲಸ. ಆ ಕೆಲಸ ಮನೆಗೂ ಬಂತು, ದೇವಸ್ಥಾನಕ್ಕೂ ಬಂತು. ರಿಚ್ಮಂಡ್ ಹಿಲ್ಲಿನ ದೇವಸ್ಥಾನದಲ್ಲಿ ಒಂದು ಚಪ್ಪಲಿಯನ್ನು ಈ ಮೂಲೆಯಲ್ಲೂ ಇನ್ನೊಂದನ್ನು ಆ ಮೂಲೆಯಲ್ಲೂ ಬಿಡುವ ಮನುಷ್ಯನನ್ನು ನೀವು ಯಾವಾಗಲಾದರೂ ಕಂಡಿದ್ದರೆ, ಅವನು ನಾನೇ.

ಎರಡು ಸಾವಿರದ ಒಂಬತ್ತರಲ್ಲಿ ಕಾರಿನ ಉದ್ಯಮವೇ ಮುಗ್ಗರಿಸಿದಾಗ ನಮ್ಮ ಕಾರ್ಖಾನೆಯ ಶಿಫ್ಟುಗಳು ಒಂದೊಂದಾಗಿ ನಿಂತವು. ನನ್ನನ್ನೂ ಮನೆಗೆ ಕಳಿಸಿದರು. ಅನುಮಾನ ಪಡಲು ಮನೆಯಲ್ಲಿ ಏನೂ ಉಳಿಯದೆ ಸುಮಾಳ ತಲೆ ತಿನ್ನುತ್ತ ಕೂತಿದ್ದ ಆ ದಿನಗಳಲ್ಲೇ ಅಂಗಡಿ ಡಾಕ್ಟರ ಫೋನು ಬಂತು. ಅಂಗಡಿ ಎಂಬುದು ಅವರ ಮನೆತನದ ಹೆಸರು. ಗದಗಿನ ಕಡೆಯವರು, ನಮಗಿಂತ ಮೂವತ್ತು ವರ್ಷ ಮೊದಲೇ ಬಂದು ಇಲ್ಲಿ ಸರ್ಜನ್ ಆಗಿ ನಿವೃತ್ತರಾದವರು. ಆಗ ಅವರಿಗೆ ಎಪ್ಪತ್ತೊಂದು. ಕನ್ನಡಿಗರಲ್ಲಿ ಯಾರಿಗೆ ಹೊಟ್ಟೆನೋವು ಬಂದರೂ ಮೊದಲು ಅವರಿಗೇ ಫೋನು ಮಾಡುವುದು ವಾಡಿಕೆ.

"ತಮ್ಮಾ, ಖಾಲಿ ಕುಂತೀಯಂತಲ್ಲ? ಬಾ ಇಲ್ಲೆ. ಒಂದು ಪೇಶಂಟ್ ಐತಿ."

ಪೇಶಂಟು ರಿಚ್ಮಂಡ್ ಹಿಲ್ಲಿನ ಅವರ ಗರಾಜಿನಲ್ಲಿ ತಾಡಪಾಲಿನಡಿ ನಿಂತಿತ್ತು. ಹಳೆಯ ಅಮೆರಿಕನ್ ಕಾರು, ನಾಲ್ಕು ಬಾಗಿಲು, ಕೊಳೆತ ಬಟಾಣಿಯ ಬಣ್ಣ. ಹೆಸರು ಹೇಳಿದರೆ ನಿಮಗೆ ಗೊತ್ತಾಗುವುದಿಲ್ಲ. ಅದನ್ನು ಮಾಡಿದ ಕಂಪನಿಯೇ ಮುಚ್ಚಿಹೋಗಿ ಯಾವ ಕಾಲವಾಯಿತೋ. ಹಳೆಯ ಕಾರಿನ ಹುಚ್ಚಿನವರು ಹುಡುಕುವುದು ಎರಡು ಬಾಗಿಲಿನ, ಗುಡುಗುವ ಎಂಜಿನ್ನಿನ ಕಾರುಗಳನ್ನು. ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದ ಈ ಸಂಸಾರಸ್ಥ ಕಾರನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಡಾಕ್ಟರಿಗೆ ಮಾತ್ರ ಅದು ಕೆನಡಾದಲ್ಲಿ ಕೊಂಡ ಮೊದಲ ಕಾರಿನ ಜೋಡಿ. ಯಾವುದೋ ತೋಟದ ಮನೆಯ ಕೊಟ್ಟಿಗೆಯಲ್ಲಿ ಕಂಡು ಎಳೆಸಿಕೊಂಡು ಬಂದಿದ್ದರು.

ನಾನು ಸುಮ್ಮನಿರುತ್ತೇನೆಯೇ? ಜೇಬಿನಿಂದ ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆದು ಕಾರಿನ ಮೈಮೇಲೆಲ್ಲ ಆಡಿಸಿದೆ. ತಗಡಿದ್ದ ಕಡೆ ಅದು ಅಂಟುತ್ತದೆ. ತುಕ್ಕು ತಿಂದ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಜಾರುತ್ತದೆ. ಎಡಗಡೆಯ ಬಾಗಿಲ ಕೆಳಗೆ ಜಾರಿತು.

"ನೋಡಿ ಡಾಕ್ಟ್ರೇ, ನಿಮಗೆ ಟೋಪಿ ಹಾಕಿದಾರೆ."

"ಅದನ್ನ ನನ್ನ ಮೈಮ್ಯಾಲ ಆಡಿಸಿದ್ರೂ ಅಲ್ಲಲ್ಲೆ ಜಾರ್ತೈತಿ ಬಿಡಪಾ. ನಾ ಇದನ್ನ ಶೋಕಿಗೆ ನಿಲ್ಲಸೂದಿಲ್ಲ. ಓಡಬೇಕು. ಶಾಂತಾನ್ನ ಕುಂದ್ರಿಸ್ಕೊಂಡು ಬರ್ಲಿಂಗ್ಟನ್ ಕೆರಿ ದಂಡಿಗೆ ಹೋಗಬೇಕು, ಗಿರಮಿಟ್ ತಿನ್ನಬೇಕು, ವಾಪಸ್ ಬರಬೇಕು. ಅಷ್ಟ."

ಸಮುದ್ರದಂಥ ಒಂಟಾರಿಯೋ ಸರೋವರ ಅವರ ಬಾಯಲ್ಲಿ ಕೆರೆ. ಮೊದಲ ಕಾರು ಕೊಂಡ ವಾರವೇ ಹೊಸ ಹೆಂಡತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರಂತೆ. ಶಾಂತಕ್ಕ ಅಡಿಗೆಮನೆಯಿಂದಲೇ, "ಹೀಟರ್ ಇದ್ದಿದ್ದಿಲ್ಲ, ನಡಗಿ ಸತ್ತಿದ್ದೆ" ಎಂದು ಕೂಗಿ ಹೇಳಿದರು.

ಒಂದು ವರ್ಷಕ್ಕೂ ಹೆಚ್ಚು ಕಾಲ ಕೆಲಸ ನಡೆಯಿತು. ಡಾಕ್ಟರು ಕಾರು ಬಿಚ್ಚುವುದನ್ನು ನೀವು ನೋಡಬೇಕಿತ್ತು. ಕೈಗವಸು ತೊಟ್ಟು, ಹಾಸಿದ ಹಳೆಯ ಪಂಚೆಯ ಮೇಲೆ ಒಂದೊಂದು ನಟ್ಟನ್ನೂ ಸಾಲಾಗಿ ಇಟ್ಟು, ಚೀಟಿ ಅಂಟಿಸಿ, ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ತುಕ್ಕು ಹಿಡಿದ ಸಣ್ಣಪುಟ್ಟ ಸಾಮಾನನ್ನು ಶಾಂತಕ್ಕ ದೇವರ ಪಾತ್ರೆ ಉಜ್ಜುವ ಹಾಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಸಂಜೆ ಬಾನೆಟ್ ಮುಚ್ಚುವ ಮುನ್ನ ಡಾಕ್ಟರು ಸ್ಪ್ಯಾನರುಗಳನ್ನೂ ಬಟ್ಟೆಯ ಚೂರುಗಳನ್ನೂ ಬಾಯಿಬಿಟ್ಟು ಎಣಿಸುತ್ತಿದ್ದರು.

"ಹೊಲಿಗಿ ಹಾಕೂ ಮೊದಲ ಎಣಸಬೇಕು ತಮ್ಮಾ. ಹತ್ತಿ ಎಷ್ಟು ಒಳಗ ಹೋತು, ಎಷ್ಟು ಹೊರಗ ಬಂತು. ಮೂವತ್ತೈದ ವರ್ಷದಾಗ ಒಂದ ಸಲಾನೂ ತಪ್ಪಿಲ್ಲ ನೋಡು."

ಜೀವನದಲ್ಲಿ ನನಗಿಂತ ಹೆಚ್ಚು ಜಾಗರೂಕನಾದ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು. ಖುಷಿಯಾಗಿತ್ತು, ನಿಜ ಹೇಳುತ್ತೇನೆ. ಕೆಲಸ ಹೋದ ದುಃಖವೂ ಮರೆತಿತ್ತು.

ಎಂಜಿನ್ನು ಪೂರ್ತಿ ಜೋಡಿಸಿ ಮುಗಿಯುವ ಹೊತ್ತಿಗೆ, ಅವರ ಮಗಳು ರೂಪಾ ಒಂದು ದಿನ ನನ್ನನ್ನು ಡ್ರೈವ್‌ವೇಯ ಕೊನೆಗೆ ಕರೆದಳು. ಇಲ್ಲೇ ಹುಟ್ಟಿದ ಹುಡುಗಿ, ಎರಡು ಮಕ್ಕಳ ತಾಯಿ.

"ಅಂಕಲ್, ಅಪ್ಪಾ ಲಾಸ್ಟ್ ಮಂತ್ ನಮ್ಮ ಎಕ್ಸಿಟ್ ಮಿಸ್ ಮಾಡಿ ಬ್ಯಾರಿ ತನಕಾ ಹೋಗಿದ್ರು. ಐ ಆಮ್ ಸ್ಕೇರ್ಡ್. ದೊಡ್ಡಪ್ಪಗೂ ಹಿಂಗ ಸ್ಟಾರ್ಟ್ ಆಗಿತ್ತಲ್ಲ? ಆ ಕಾರಿನ್ಯಾಗ ಏರ್‌ಬ್ಯಾಗೂ ಇಲ್ಲ. ಸ್ವಲ್ಪ ಸ್ಲೋ ಮಾಡ್ರಿ, ಪ್ಲೀಸ್."

ಬ್ಯಾರಿ ಎಂದರೆ ಉತ್ತರಕ್ಕೆ ಮುಕ್ಕಾಲು ಗಂಟೆ ದೂರದ ಊರು. ಡಾಕ್ಟರ ಅಣ್ಣ ಗದಗಿನಲ್ಲಿ ಕೊನೆಯ ವರ್ಷಗಳನ್ನು ಹೆಂಡತಿಯ ಗುರುತೂ ಸಿಗದೆ ಕಳೆದವರು. ಆ ವಿಷಯ ನನಗೂ ಗೊತ್ತಿತ್ತು.

ನಿಧಾನ ಮಾಡಿ ಎಂದಷ್ಟೇ ಅವಳು ಹೇಳಿದ್ದು. ಆದರೆ ನನ್ನಂಥವನ ಕಿವಿಗೆ ಅಷ್ಟು ಬಿದ್ದರೆ ಸಾಕು. ಅಂದಿನಿಂದ ನಾನು ಕಾರು ಬಿಟ್ಟು ಡಾಕ್ಟರನ್ನು ಪರೀಕ್ಷಿಸತೊಡಗಿದೆ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಹುಡುಕಿದರೆ ಒಂದು ಗುರುತು. ನನ್ನನ್ನು ಬೇರೆ ಯಾರದೋ ಹೆಸರಿನಿಂದ ಕರೆದರೆ ಇನ್ನೊಂದು. ಹೇಳಿದ ಕತೆಯನ್ನೇ ಮತ್ತೆ ಹೇಳಿದರೆ ಮೂರನೆಯದು. ಇದೆಲ್ಲ ನಾನೂ ದಿನಕ್ಕೆ ಹತ್ತು ಸಲ ಮಾಡುತ್ತೇನೆ ಎಂಬುದು ಹೊಳೆಯಲಿಲ್ಲ. ಅವರು ಹೆದ್ದಾರಿಯಲ್ಲಿ ಶಾಂತಕ್ಕನನ್ನು ಕೂರಿಸಿಕೊಂಡು ಎಲ್ಲೋ ಗುದ್ದುವ ಚಿತ್ರ ಮಾತ್ರ ಕಣ್ಣಿಗೆ ಕಟ್ಟಿತ್ತು.

ಆಯುಧಪೂಜೆಯ ದಿನವೇ ಮೊದಲ ಸಲ ಎಂಜಿನ್ ಶುರು ಮಾಡಬೇಕು, ಅಲ್ಲಿಯ ತನಕ ಕೀಲಿ ತಿರುಗಿಸಕೂಡದು ಎಂಬುದು ಡಾಕ್ಟರ ಹಟ. ಹಿಂದಿನ ಸಂಜೆ ಅವರು ಕೈ ತೊಳೆಯಲು ಒಳಗೆ ಹೋದಾಗ ನಾನು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ರೋಟರನ್ನು ಕಿತ್ತು ಕೋಟಿನ ಜೇಬಿಗೆ ಹಾಕಿಕೊಂಡೆ. ಅದೇ ಈ ಕಪ್ಪು ತುಂಡು. ತಿರುಗುತ್ತ ಒಂದೊಂದು ಸಿಲಿಂಡರಿಗೂ ಕಿಡಿ ಹಂಚುವುದು ಅದರ ಕೆಲಸ. ಅದಿಲ್ಲದಿದ್ದರೆ ಎಂಜಿನ್ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ನನ್ನ ಲೆಕ್ಕಾಚಾರ ಇಷ್ಟೇ: ಕಾರು ಹೊರಡುವುದಿಲ್ಲ, ಹಿಮ ಬೀಳುತ್ತದೆ, ವಸಂತದ ತನಕ ಕಾರು ಒಳಗೇ ಇರುತ್ತದೆ, ಅಷ್ಟರಲ್ಲಿ ರೂಪಾ ಅಪ್ಪನ ಹತ್ತಿರ ಮಾತಾಡುತ್ತಾಳೆ. ಯಾರಿಗೂ ನೋವಿಲ್ಲ. ಆಹಾ, ಎಂಥ ಬುದ್ಧಿವಂತ!

ಮರುದಿನ ಕಾರಿಗೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಗಾಲಿಗಳ ಕೆಳಗೆ ನಿಂಬೆಹಣ್ಣು. ಡಾಕ್ಟರು ಹೊಸ ಅಂಗಿ ತೊಟ್ಟಿದ್ದರು. ಶಾಂತಕ್ಕ ಗಿರಮಿಟ್ಟಿನ ಡಬ್ಬಿ ಹಿಡಿದು ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದರು. ಕೀಲಿ ತಿರುಗಿತು. ಎಂಜಿನ್ ಗರಗರ ಎಂದಿತು, ಅಷ್ಟೇ. ಮತ್ತೊಮ್ಮೆ, ಮಗದೊಮ್ಮೆ.

ಡಾಕ್ಟರು ಗಾಬರಿಯಾಗಲಿಲ್ಲ. ಇಳಿದು ಬಂದು ಪೆಟ್ರೋಲು ನೋಡಿದರು, ಬ್ಯಾಟರಿ ನೋಡಿದರು, ಒಂದೊಂದು ತಂತಿ ಮುಟ್ಟಿ ನೋಡಿದರು, ಕಡೆಗೆ ಆ ಮುಚ್ಚಳ ತೆಗೆದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ನೋಟುಬುಕ್ಕು ತರಿಸಿ ಪುಟ ತಿರುವಿದರು.

"ರೋಟರ್ ಹಾಕೀನಿ ಅಂತ ಬರದೀನಿ" ಎಂದರು ಮೆಲ್ಲಗೆ. "ನಂದ ಕೈಬರಹ. ಗುರುತೂ ಹಾಕೀನಿ. ಆದ್ರ ಹಾಕಿಲ್ಲ."

ಅವರು ಹೆಂಡತಿಯ ಕಡೆ ತಿರುಗಿದರು. "ಶಾಂತಾ, ಅಣ್ಣಗ ಚಾಲೂ ಆದಂಗ ನಂಗೂ ಚಾಲೂ ಆತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ಆಗ ಕೋಟಿನ ಜೇಬಿನಲ್ಲೇ ಇತ್ತು, ರೋಟರನ್ನು ಗಟ್ಟಿಯಾಗಿ ಹಿಡಿದುಕೊಂಡು. ಒಂದು ಮಾತು ಸಾಕಿತ್ತು. ರೂಪಾ ಅಳುತ್ತ ಅಪ್ಪನನ್ನು ಒಳಗೆ ಕರೆದುಕೊಂಡು ಹೋದಳು. ಒಡೆಯಲು ತಂದಿದ್ದ ಬೂದುಗುಂಬಳ ಗರಾಜಿನ ಮೂಲೆಯಲ್ಲಿ ಹಾಗೇ ಉಳಿಯಿತು.

ನಾಳೆ ಹೇಳೋಣ ಎಂದುಕೊಂಡೆ. ನಾಳೆಯ ನಾಳೆ ಹೇಳೋಣ ಎಂದುಕೊಂಡೆ. ಎರಡೇ ವಾರದಲ್ಲಿ ಡಾಕ್ಟರು ತಾವಾಗಿಯೇ ಡ್ರೈವಿಂಗ್ ಲೈಸೆನ್ಸು ಒಪ್ಪಿಸಿಬಿಟ್ಟರು. ಪರೀಕ್ಷೆ ಮಾಡಿಸಿ ಎಂದರೆ, "ಮಾಡಿ ಏನ್ ಹೇಳ್ತಾರ? ನಂಗ ಗೊತ್ತಿಲ್ಲೇನು?" ಎನ್ನುತ್ತಿದ್ದರು. ಹೊಟ್ಟೆನೋವಿಗೆ ಫೋನು ಮಾಡಿದವರಿಗೆ, "ನನ್ನ ಮಾತು ನಂಬಬ್ಯಾಡ್ರಿ, ಬ್ಯಾರೆ ಡಾಕ್ಟರಿಗೆ ತೋರಸ್ರಿ" ಎನ್ನತೊಡಗಿದರು. ನಿಧಾನಕ್ಕೆ ಫೋನುಗಳೂ ನಿಂತವು. ಗಂಡಹೆಂಡಿರು ಬಸ್ಸಿನಲ್ಲಿ ಓಡಾಡತೊಡಗಿದರು.

ಇನ್ನೊಂದು ಮಾತು ಹೇಳದೆ ಬಿಟ್ಟರೆ ನಿಮಗೆ ಮೋಸ ಮಾಡಿದ ಹಾಗೆ. ಕಾರನ್ನು ಅವರು ನನಗೇ ಕೊಟ್ಟರು. "ನೀನರ ಓಡಸು" ಎಂದರು. ನಾನು ಹೊಸ ರೋಟರ್ ತರಿಸಿ ಹಾಕಿದೆ. ಕೀಲಿ ತಿರುಗಿಸಿದ ಕೂಡಲೇ ಹೊತ್ತಿಕೊಂಡಿತು. ಐದು ಬೇಸಿಗೆ ಓಡಿಸಿದೆ. ಪಿಕ್ನಿಕ್ಕುಗಳಲ್ಲಿ ಜನ ಅದರ ಪಕ್ಕ ನಿಂತು ಫೋಟೋ ಹಿಡಿಸಿಕೊಂಡರು, ನಾನು ಬಾನೆಟ್ಟಿನ ಮೇಲೆ ಕೈಯಿಟ್ಟು ನಕ್ಕೆ. ಊರವರನ್ನೆಲ್ಲ ಅನುಮಾನಿಸಿದವನು ಒಬ್ಬನನ್ನು ಮಾತ್ರ ಬಿಟ್ಟಿದ್ದೆ. ಆ ಸಂಜೆ ಮುಚ್ಚಳ ತೆಗೆದ ಕೈಗೆ ಡಾಕ್ಟರ ಮೇಲಿನ ಕಾಳಜಿಯೊಂದೇ ಇತ್ತೇ? ಮೊದಲ ದಿನದಿಂದ ಆ ಕಾರಿನ ಮೇಲೆ ನನ್ನ ಕಣ್ಣಿರಲಿಲ್ಲವೇ? ನನ್ನ ಮೇಲೇ ಆಡಿಸಿದ್ದರೆ ಆ ಅಯಸ್ಕಾಂತ ಅಂಟುತ್ತಿತ್ತೋ ಜಾರುತ್ತಿತ್ತೋ ಇವತ್ತಿಗೂ ಗೊತ್ತಿಲ್ಲ.

ಆ ಹಳೆಯ ರೋಟರನ್ನು ಎಲ್ಲಿಟ್ಟೆ ಎಂಬುದೂ ಮರೆತುಹೋಗಿತ್ತು. ಮರೆತವನು ನಾನು, ಅವರಲ್ಲ.

ಬೇಸ್‌ಮೆಂಟಿನಿಂದ ಮೇಲೆ ಬಂದವನು ಸುಮಾಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಡಾಕ್ಟರ ಆ ಹಳೆಯ ಕಾರಿನ ಕೀಲಿ ತಂದು ಕೈಗಿಟ್ಟಳು. ಅದನ್ನೇ ಓಡಿಸಿಕೊಂಡು ನೇರ ರಿಚ್ಮಂಡ್ ಹಿಲ್ಲಿಗೆ ಹೋದೆ. ಶಾಂತಕ್ಕ ಚಹಾ ತಂದಿಟ್ಟು ಒಳಗೆ ಹೋದರು. ನಾನು ರೋಟರನ್ನು ಡಾಕ್ಟರ ಮುಂದೆ ಮೇಜಿನ ಮೇಲಿಟ್ಟು, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ.

ಅವರು ಅದನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಹಂಗಾರ ನಾ ಮರ್ತಿದ್ದಿಲ್ಲ?"

"ಇಲ್ಲ ಡಾಕ್ಟ್ರೇ. ನೀವು ಹಾಕಿದ್ರಿ. ನಾನು ತೆಗೆದೆ."

"ಶಾಂತಾ!" ಎಂದು ಕೂಗಿದರು. ಅಷ್ಟು ದೊಡ್ಡ ದನಿ ಆ ಮೈಯಲ್ಲಿ ಇನ್ನೂ ಇದೆಯೆಂದು ನನಗೆ ಗೊತ್ತಿರಲಿಲ್ಲ. "ಶಾಂತಾ, ಬಾ ಇಲ್ಲೆ! ನಾ ಮರ್ತಿದ್ದಿಲ್ಲ! ಹಾಕಿದ್ದೆ!"

ಅವರು ಬೈಯುತ್ತಾರೆ ಎಂದು ಎದೆ ಗಟ್ಟಿಮಾಡಿಕೊಂಡು ಹೋಗಿದ್ದೆ. ಅವರು ಮಗುವಿನ ಹಾಗೆ ಅತ್ತರು. ಅದನ್ನು ನೋಡುವುದಕ್ಕಿಂತ ಎರಡು ಏಟು ತಿನ್ನುವುದು ಸುಲಭವಿತ್ತು. ಶಾಂತಕ್ಕ ಬಂದರು, ಕೇಳಿದರು, ನನ್ನ ಮುಂದಿದ್ದ ಚಹಾದ ಕಪ್ಪನ್ನು ಎತ್ತಿಕೊಂಡರು.

"ಐದು ವರ್ಷಾತು. ದಿನಾ ಮುಂಜಾನೆ ಎದ್ದು ಮೊಮ್ಮಕ್ಕಳ ಹೆಸರು ತಾವ ಹೇಳ್ಕೊಂಡು ನೋಡ್ತಾರ, ನೆಪ್ಪೈತೋ ಇಲ್ಲೋ ಅಂತ. ಒಂದಿನಾರ ಬಂದು ಹೇಳಬಾರದಾಗಿತ್ತ? ಬ್ಯಾರಿಗೆ ಹೋಗಿದ್ದು ಮರ್ತಲ್ಲ, ನಾವಿಬ್ರೂ ಜಗಳಾಡಕೋತ ಹೊಂಟಿದ್ವಿ. ನೀವರ ಕೇಳಿದ್ರೇನು?"

ಕೇಳಿರಲಿಲ್ಲ. ಹದಿನಾಲ್ಕು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವನಿಗೆ ಕೇಳಬೇಕು ಎಂದೇ ತೋಚಿರಲಿಲ್ಲ. ತಲೆ ತಗ್ಗಿಸಿ ಕೀಲಿಯನ್ನು ಮೇಜಿನ ಮೇಲಿಟ್ಟು ಬಸ್ಸು ಹತ್ತಿದೆ.

ಮರುವಾರ ಡಾಕ್ಟರೇ ಫೋನು ಮಾಡಿದರು. ಕೊನೆಗೂ ನೆನಪಿನ ಪರೀಕ್ಷೆ ಮಾಡಿಸಿಕೊಂಡಿದ್ದರು. ವಯಸ್ಸಿಗೆ ತಕ್ಕಷ್ಟು ಚೆನ್ನಾಗಿಯೇ ಇದೆಯಂತೆ. ಲೈಸೆನ್ಸಿಗೆ ಮೊದಲಿನಿಂದ ಎಲ್ಲ ಪರೀಕ್ಷೆ ಬರೆಯಬೇಕು, ಬರೆಯುತ್ತಿದ್ದಾರೆ. ರೂಪಾ ಇನ್ನೂ ಹೆದರುತ್ತಾಳೆ, ಆದರೆ ಈಗ ಅಪ್ಪನಿಗೇ ಹೇಳಿ ಹೆದರುತ್ತಾಳೆ. ಶಾಂತಕ್ಕ ನನ್ನ ಹತ್ತಿರ ಇನ್ನೂ ಸರಿಯಾಗಿ ಮಾತಾಡುವುದಿಲ್ಲ. ಚಹಾ ಮಾತ್ರ ಮೊನ್ನೆಯಿಂದ ಬರುತ್ತಿದೆ.

ಈಗ ಪ್ರತಿ ಭಾನುವಾರ ನಾನು ಅಲ್ಲಿಗೆ ಹೋಗುತ್ತೇನೆ. ಐದು ವರ್ಷ ನಾನು ಓಡಿಸಿ ಸವೆಸಿದ್ದನ್ನೆಲ್ಲ ಇಬ್ಬರೂ ಸೇರಿ ಬಿಚ್ಚಿ ಸರಿಮಾಡುತ್ತೇವೆ. ಸಂಜೆ ಬಾನೆಟ್ ಮುಚ್ಚುವ ಮುನ್ನ ಡಾಕ್ಟರು ಸ್ಪ್ಯಾನರುಗಳನ್ನು ಎಣಿಸುತ್ತಾರೆ, ಬಟ್ಟೆಯ ಚೂರುಗಳನ್ನು ಎಣಿಸುತ್ತಾರೆ, ಆ ಮುಚ್ಚಳ ತೆಗೆದು ರೋಟರ್ ಇದೆಯೇ ಎಂದು ಬೆರಳಿಂದ ಮುಟ್ಟಿ ನೋಡುತ್ತಾರೆ. ಆಮೇಲೆ ನನ್ನ ಕಡೆ ತಿರುಗುತ್ತಾರೆ.

"ಕಿಸೆ ತೋರಸು."

ನಾನು ಪ್ಯಾಂಟಿನ ಎರಡೂ ಜೇಬುಗಳನ್ನು ಹೊರಗೆಳೆದು ತೋರಿಸುತ್ತೇನೆ.

"ಕೋಟಿಂದೂ" ಎನ್ನುತ್ತಾರೆ.

ಕೋಟಿನದನ್ನೂ ತೋರಿಸುತ್ತೇನೆ.