ನನ್ನ ಸಾಕ್ಷಿ ನಂಬಿದವಳು

ದೇವರ ಹೆಸರಿನಲ್ಲಿ ನಾನು ಸುಳ್ಳು ಸಾಕ್ಷಿ ಹೇಳಿದೆ. ಅದನ್ನು ನಂಬಿ ಕರುಣಾ ತನ್ನ ಬಲಗಾಲು ಕಳೆದುಕೊಂಡಳು. ಇಷ್ಟು ಹೇಳಲು ನನಗೆ ವರ್ಷಗಳೇ ಬೇಕಾದವು.

ಗೋಕಾಕ ಫಾಲ್ಸಿನ ಮಿಲ್ಲಿನ ಚಾಳಿನಲ್ಲಿ ನಮ್ಮ ಮನೆ. ನನಗೆ ಶುಗರ್, ದಿನಾಲು ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಒಮ್ಮೆ ಚರ್ಚಿನ ಉಪವಾಸ ಕೂಟದಲ್ಲಿ ಪ್ರಾರ್ಥಿಸುತ್ತಿದ್ದಾಗ ಮೈಯೆಲ್ಲ ಹಗುರಾಯಿತು, ಗುಣವಾಯಿತು ಎನ್ನಿಸಿತು. ಇಂಜೆಕ್ಷನ್ ಬಿಟ್ಟೆ. ಆ ರವಿವಾರವೇ ಚರ್ಚಿನ ಸಭೆಯ ಮುಂದೆ ನಿಂತು, ದೇವರು ನನ್ನನ್ನು ಗುಣಪಡಿಸಿದನೆಂದು ಸಾಕ್ಷಿ ಹೇಳಿದೆ: ದೇಹ ಬರೀ ಮಣ್ಣು, ಆತ್ಮ ಗಟ್ಟಿಯಿದ್ದರೆ ಮಣ್ಣಿಗೆ ಮದ್ದು ಬೇಡ. ಕೇಳಿದವರು ಅತ್ತರು. ಅಂದು ನಾನು ಸುಳ್ಳಾಡಿರಲಿಲ್ಲ — ಅಂದು ಮಾತ್ರ.

ಕೆಲವೇ ದಿನಗಳಲ್ಲಿ ಹುಕ್ಕೇರಿಯ ತವರುಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಕುಸಿದುಬಿದ್ದೆ. ಡಾಕ್ಟರು ಬೈದು ಮತ್ತೆ ಇನ್ಸುಲಿನ್ ಶುರು ಮಾಡಿದರು. ಊರಿಗೆ ಬಂದು ಇದನ್ನು ಹೇಳಬೇಕಿತ್ತು. ಅಷ್ಟರಲ್ಲಿ ಸುತ್ತಲಿನ ಕೂಟಗಳಿಗೆಲ್ಲ ನನ್ನನ್ನು ಕರೆಯತೊಡಗಿದ್ದರು. ಹೆಂಗಸರು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು — ಆ ಮರ್ಯಾದೆಯ ರುಚಿ ಹತ್ತಿತ್ತು ನನಗೆ... ಯಾರ ಕಣ್ಣಿಗೂ ಬೀಳದಂತೆ ಔಷಧಿಯನ್ನು ಹುಕ್ಕೇರಿಯಿಂದಲೇ ತರುತ್ತಿದ್ದೆ. ಬಚ್ಚಲ ಬಾಗಿಲು ಹಾಕಿಕೊಂಡು ಹೊಟ್ಟೆಗೆ ಚುಚ್ಚಿಕೊಂಡು, ಹೊರಬಂದು ಅದೇ ಸಾಕ್ಷಿ ಹೇಳುತ್ತಿದ್ದೆ.

ಕರುಣಾ ಮೂಡಲಗಿಯವಳು. ಗಂಡನದು ಗೊಂಜಾಳದ, ಅಂದರೆ ಮೆಕ್ಕೆಜೋಳದ, ವ್ಯಾಪಾರ. ನನಗಿಂತ ಚಿಕ್ಕವಳು, ನನಗಿರುವ ರೋಗವೇ ಅವಳಿಗೂ. ಒಂದು ರವಿವಾರ ಚರ್ಚಿನ ಬಾಗಿಲಲ್ಲಿ ನನ್ನನ್ನು ತಬ್ಬಿಕೊಂಡಳು.

"ಅಕ್ಕಾ, ನಾನೂ ಇಂಜೆಕ್ಷನ್ ಬಿಟ್ಟೇನ್ರಿ. ನಿಮಗ ಆಗಿದ್ದು ನನಗ ಯಾಕ ಆಗಬಾರದು?"

ಒಂದೇ ಮಾತು ಹೇಳಿದ್ದರೆ ಸಾಕಿತ್ತು: ಬ್ಯಾಡ ತಂಗಿ, ನಾನಿನ್ನೂ ಚುಚ್ಚಿಕೋತೇನಿ... ಆದರೆ ಪಕ್ಕದಲ್ಲಿ ಪಾಸ್ಟರ ಹೆಂಡತಿ ನಿಂತಿದ್ದರು. ನನ್ನ ಬಾಯಿಂದ ಬಂದದ್ದು, "ದೇವರು ದೊಡ್ಡಾಂವ ಅದಾನ, ತಂಗಿ."

ಕೆಲವು ತಿಂಗಳಿಗೆ ಅವಳ ಕಾಲಿನ ಸಣ್ಣ ಗಾಯ ಕೊಳೆಯಿತು. ದವಾಖಾನೆಗೆ ಓಡಿಹೋಗಿ ನೋಡಿದೆ. ಹೊದಿಕೆಯ ಕೆಳಗೆ ಒಂದು ಕಾಲು ಪೂರ್ತಿ ಇತ್ತು. ಇನ್ನೊಂದು ಮೊಳಕಾಲಿನ ಹತ್ತಿರ ಮುಗಿದು, ಅಲ್ಲಿಂದ ಮುಂದೆ ಬಟ್ಟೆ ಚಪ್ಪಟೆಯಾಗಿ ಹಾಸಿಗೆಗೆ ಅಂಟಿತ್ತು. ಅವಳು ಬೈಯಲಿ ಎಂದು ಕಾದೆ. ಅವಳೋ —

"ತಪ್ಪು ನಂದರೀ ಅಕ್ಕಾ. ನಿಮ್ಮಷ್ಟು ವಿಶ್ವಾಸ ನನ್ನ ಕಡೆ ಇರಲಿಲ್ಲ. ಕಾಲಂತೂ ಹೋತು, ನನ್ನ ಆತ್ಮಾನಾದ್ರೂ ಉಳೀಲಿ ಅಂತ ಪ್ರಾರ್ಥನಾ ಮಾಡ್ರಿ."

ನಾನು ಮಾಡಿದೆ! ಅವಳ ತಲೆಯ ಮೇಲೆ ಕೈಯಿಟ್ಟು, ಅವಳ ಅಪನಂಬಿಕೆಯನ್ನು ಕ್ಷಮಿಸೆಂದು ದೇವರನ್ನು ಬೇಡಿದೆ. ಕಾಲು ಹೋದವಳಿಂದ ಅವಳ ಭಕ್ತಿಯನ್ನೂ ಕಿತ್ತುಕೊಂಡೆ. ಮನುಷ್ಯಳೊಬ್ಬಳು ಇಷ್ಟು ಮಾಡಬಲ್ಲಳೆ? ಇಂದಿಗೂ ಆ ಕೈಯನ್ನು ನೋಡಿಕೊಂಡರೆ ದಿಗಿಲಾಗುತ್ತದೆ.

ಆಮೇಲೆ ಸಾಕ್ಷಿ ಹೇಳುವುದನ್ನು ಬಿಟ್ಟೆ. ವರ್ಷಗಳು ಕಳೆದರೂ ನಿಜವನ್ನಂತೂ ಹೇಳಲಿಲ್ಲ. ಮೊನ್ನೆ ಮೂಡಲಗಿಗೆ ಹೋಗಿದ್ದೆ. ಕರುಣಾಳ ಮಗಳು ಪ್ರೀತಿ ಚೊಚ್ಚಲ ಬಸಿರಿ. ಅವಳಿಗೂ ಶುಗರ್ ಬಂದು ಡಾಕ್ಟರು ಇನ್ಸುಲಿನ್ ಬರೆದಿದ್ದರಂತೆ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕರುಣಾ ಮಗಳಿಗೆ ಹೇಳಿದಳು, "ನನ್ನಂಗ ಅರೆಬರೆ ನಂಬಬ್ಯಾಡ. ಅಕ್ಕನಂಗ ಗಟ್ಟಿ ನಂಬು. ಆ ಸೂಜಿ ಬಿಡು."

ನನ್ನ ಸುಳ್ಳು ಇನ್ನೂ ಹುಟ್ಟದ ಕೂಸಿನವರೆಗೂ ಬಂದು ನಿಂತಿತ್ತು. ಚೀಲ ತೆರೆದು ನನ್ನ ಇನ್ಸುಲಿನ್ನನ್ನು ಅವರ ಮುಂದಿಟ್ಟೆ.

"ನಾ ಒಂದು ದಿನಾನೂ ಗುಣ ಆಗಿಲ್ಲ, ಕರುಣಾ."

ಅವಳು ಅದನ್ನು ಕೈಗೆತ್ತಿಕೊಂಡು ನೋಡಿದಳು. ಆಮೇಲೆ ಕೇಳಿದಳು, "ದವಾಖಾನ್ಯಾಗ ನನ್ನ ತಲಿ ಮ್ಯಾಲೆ ಕೈ ಇಟ್ಟ್ರಲ್ಲ... ಅವತ್ತೂ ಚುಚ್ಚಿಕೊಂಡು ಬಂದಿದ್ದ್ರೇನು?"

"ಹೂಂ."

ಅವಳು ಅಳಲಿಲ್ಲ. ಮಗಳ ಕಡೆ ತಿರುಗಿ, "ನೀ ಇಂಜೆಕ್ಷನ್ ತಗೋ" ಎಂದಳು. ನನಗೆ ಹೇಳಿದ್ದು ಇಷ್ಟೇ: "ಊರ ಮುಂದ ಸುಳ್ಳು ಹೇಳಿದವರು, ಖರೆ ನನ್ನೊಬ್ಬಾಕಿ ಮುಂದ ಹೇಳಿದ್ರ ಆತೇನ್ರಿ?"

ದೇಹ ಬರೀ ಮಣ್ಣು ಎಂದು ಸಾರಿದವಳು ನಾನು. ನಾವು ನಂಬುವ ದೇವರಾದರೋ ಆ ಮಣ್ಣನ್ನು ತನ್ನ ಕೈಯಾರೆ ರೂಪಿಸಿ ಉಸಿರು ತುಂಬಿದವನು. ತಾನೇ ದೇಹ ತೊಟ್ಟು ಬಂದು ಹಸಿದವನು, ದಣಿದವನು. ಸತ್ತು ಎದ್ದಾಗಲೂ ಗಾಯಗಳಿದ್ದ ದೇಹದಲ್ಲೇ ಎದ್ದವನು. ಅವನು ಒಂದಾಗಿ ಮಾಡಿದ ದೇಹ-ಆತ್ಮಗಳನ್ನು ನಾನು ಎರಡಾಗಿ ಸೀಳಿದೆ — ನನ್ನ ದೇಹವನ್ನು ಮಾತ್ರ ಗುಟ್ಟಾಗಿ ಕಾಪಾಡಿಕೊಂಡು.

ಈ ರವಿವಾರ ಸಭೆಯ ಮುಂದೆ ನಿಂತು ನಿಜ ಹೇಳುತ್ತೇನೆ. ಪಾಸ್ಟರಿಗೆ ತಿಳಿಸಿದ್ದೇನೆ. ಕರುಣಾ ಬರುತ್ತಾಳೋ ಇಲ್ಲವೋ ತಿಳಿಯದು. ಬಾ ಎಂದು ಕರೆಯುವ ಹಕ್ಕು ನನಗಿಲ್ಲ.