ಹುಳದ ಜ್ವರಕ್ಕೆ ಆಪ್ ಕಟ್ಟಿದ ಚಂದನ

ಬೆಳಿಗ್ಗೆ ಐದೂವರೆ. ಯಲ್ದೂರಿನ ಮಾವಿನ ತೋಪುಗಳ ಮೇಲೆ ಇನ್ನೂ ಮಂಜು ತೂಗುತ್ತಿದೆ. ಚಂದನ ಚಪ್ಪಲಿ ಹೊರಗೆ ಬಿಟ್ಟು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈ ತೊಳೆದು, ಉದ್ದನೆಯ ಕೋಣೆಯ ಬಾಗಿಲು ತೆರೆಯುತ್ತಾರೆ. ಒಳಗೆ ಬೆಚ್ಚನೆಯ ತೇವ, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಒಂದರ ಮೇಲೊಂದು ಜೋಡಿಸಿದ ತಟ್ಟೆಗಳಲ್ಲಿ ಲಕ್ಷಾಂತರ ರೇಷ್ಮೆ ಹುಳಗಳು ತಲೆ ಎತ್ತಿಕೊಂಡು ಅಲುಗಾಡದೆ ನಿದ್ರಿಸುತ್ತಿವೆ. "ಮೆಲ್ಲಗೆ ಮಾತಾಡಿ ಸರ್, ಜ್ವರಕ್ಕೆ ಕೂತವೆ" ಎನ್ನುತ್ತಾರೆ. ಹುಳಕ್ಕೆ ಕಿವಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೂ ನಾನು ಉಸಿರು ಬಿಗಿಹಿಡಿದು ನಿಲ್ಲುತ್ತೇನೆ.

ಜ್ವರ ಎಂದರೆ ಕಾಯಿಲೆಯಲ್ಲ, ಹುಳ ಪೊರೆ ಕಳಚುವ ಹೊತ್ತು. ಹುಳದ ಪುಟ್ಟ ಬದುಕಿನಲ್ಲಿ ಇದು ನಾಲ್ಕು ಸಲ ಬರುತ್ತದೆ. ಆಗ ಸೊಪ್ಪು ಹಾಕುವಂತಿಲ್ಲ. ಬಹುಪಾಲು ಹುಳ ಏಳುವ ಮೊದಲೇ ಹಾಕಿದರೆ, ಎದ್ದವು ತಿಂದು ಕೊಬ್ಬುತ್ತವೆ, ಮಲಗಿದವು ಸೊರಗುತ್ತವೆ. ಆಮೇಲೆ ಗೂಡೂ ಹಾಗೆಯೇ, ಒಂದು ಗಟ್ಟಿ, ಒಂದು ಜೊಳ್ಳು.

ಮೂವತ್ತೊಂದರ ಚಂದನ ಕೋಲಾರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದವರು. ಅತ್ತೆ ಬೈರಮ್ಮನವರ ಜೊತೆ ಈ ಚಾಕಿ ಕೇಂದ್ರ ನಡೆಸುತ್ತಾರೆ. ಆಗ ತಾನೇ ಮೊಟ್ಟೆಯಿಂದ ಹೊರಬಂದ ಹುಳವನ್ನು ಎರಡನೇ ಜ್ವರದವರೆಗೆ ಸಾಕಿ, ನಲವತ್ತೆರಡು ಮನೆಗಳಿಗೆ ಹಂಚುತ್ತಾರೆ. ಉಳಿದ ಎರಡು ಜ್ವರ ರೈತರ ಮನೆಯಲ್ಲಿ. "ಸೊಪ್ಪು ಯಾವಾಗ ಹಾಕ್ಲಿ ಅಂತ ದಿನಕ್ಕೆ ಮೂವತ್ತು ಫೋನು ಬರೋವು. ಊಟಕ್ಕೆ ಕೂತ್ರೂ ಬಿಡ್ತಿರ್ಲಿಲ್ಲ. ಒಂದು ಆಪ್ ಮಾಡ್ಬಿಡೋಣ ಅನ್ಕೊಂಡೆ."

ಮಾಡುವುದು ಯಾವುದರಲ್ಲಿ? ಎದುರಿಗಿದ್ದ ಪ್ಲಾಟ್‌ಫಾರ್ಮ್‌ಗಳು ಎರಡು. ಒಂದರಲ್ಲಿ ಕೋಡ್ ಬರೆಯುವ ಗೋಜಿಲ್ಲ, ಸಿದ್ಧ ತುಂಡುಗಳನ್ನು ಎಳೆದು ಜೋಡಿಸಿದರಾಯಿತು. ಇನ್ನೊಂದರಲ್ಲಿ ಸಾಲು ಸಾಲಾಗಿ ಎಲ್ಲವನ್ನೂ ತಾವೇ ಬರೆಯಬೇಕು. "ಮೂರು ವಾರದಲ್ಲಿ ಮುಗಿಯೋದನ್ನ ಯಾಕೆ ನಾಲ್ಕು ತಿಂಗಳು ಎಳೀತೀಯ ಕಣೇ?" ಎಂದರು ಕಾಲೇಜಿನ ಗೆಳೆಯ ನಂದೀಶ್. ಚಂದನ ಮೊದಲನೆಯದನ್ನೇ ಹಿಡಿದರು. ಮೂರೇ ವಾರಕ್ಕೆ ಹಸಿರು ಬಣ್ಣದ, ಮುದ್ದಾದ ಆಪ್ ತಯಾರಾಯಿತು. ಊರೆಲ್ಲ ಹೊಗಳಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಬೈರಮ್ಮ ಗೊಣಗಿದ್ದು ಯಾರಿಗೂ ಕೇಳಿಸಲಿಲ್ಲ.

ಜನವರಿಯ ಚಳಿಗೆ ಜ್ವರ ಅರ್ಧ ದಿನ ಹೆಚ್ಚು ಹಿಡಿಯಿತು. ಚಂದನ ಕೂಡಲೇ ಆಪ್‌ನಲ್ಲಿ ಹೊತ್ತು ಬದಲಿಸಿದರು. ಆದರೆ ಶ್ರೀನಿವಾಸಪುರದ ಕಡೆಯ ಹಿರಿಯ ರೈತ ಅಶ್ವತ್ಥಪ್ಪನವರ ತಗಡಿನ ಮನೆಯಲ್ಲಿ ನೆಟ್ ಇರಲಿಲ್ಲ. ಅವರ ಫೋನು ಹಿಂದಿನ ದಿನದ ಮಾತನ್ನೇ ತೋರಿಸುತ್ತಿತ್ತು: ಆರು ಗಂಟೆಗೆ ಸೊಪ್ಪು ಹಾಕಿ. ಕಣ್ಣಿಗೆ ಪೊರೆ ಬಂದಿರುವ ಹಿರಿಯರು ಫೋನು ನಂಬಿ ಹಾಕಿದರು. ಅರ್ಧ ಬೆಳೆ ಕೆಟ್ಟಿತು.

"ಬೈದಿದ್ರೆ ತಡ್ಕೋತಿದ್ದೆ ಸರ್. 'ಏಂ ಕಾದುಲೇಮ್ಮಾ', ಏನೂ ಆಗಲ್ಲ ಬಿಡಮ್ಮ ಅಂತ ತೆಲುಗಲ್ಲಿ ನಂಗೇ ಸಮಾಧಾನ ಹೇಳಿದ್ರು. ಆಮೇಲೆ ಒಂದೇ ಮಾತು, 'ಹುಳ ಯಾವತ್ತೂ ಸುಳ್ಳು ಹೇಳ್ಲಿಲ್ಲಮ್ಮ, ನಿನ್ ಫೋನು ಹೇಳ್ತಲ್ಲ' ಅಂದ್ರು." ಎನ್ನುತ್ತಾರೆ ಚಂದನ.

ನೆಟ್ ಹೋದಾಗ ಹಳೆಯದನ್ನೇ ತೋರಿಸುವ ಆ ತುಂಡನ್ನು ಬಿಚ್ಚಿ ತಿದ್ದೋಣವೆಂದರೆ, ಆ ಪ್ಲಾಟ್‌ಫಾರ್ಮ್ ಬಿಚ್ಚಲು ಬಿಡದು. ಚಂದನ ಎಲ್ಲವನ್ನೂ ಕೈಬಿಟ್ಟು ಎರಡನೆಯದರಲ್ಲಿ ಮೊದಲಿನಿಂದ ಶುರು ಮಾಡಿದರು. ಮಧ್ಯಾಹ್ನ ಹುಳಕ್ಕೆ ಸೊಪ್ಪು ಹಾಕಿದ ಮೇಲೆ ಎರಡು ಗಂಟೆ, ಅಷ್ಟೇ ಬಿಡುವು. ಮತ್ತೆ ಮೂವತ್ತು ಫೋನು, ಮತ್ತೆ ಅರ್ಧ ಊಟ. ಹುಳ ಮೆಲ್ಲುವ ಸದ್ದು ಸೋನೆ ಮಳೆಯ ಹಾಗೆ ಕೇಳುತ್ತಿದ್ದರೆ, ಎಷ್ಟೋ ಸಲ ಲ್ಯಾಪ್‌ಟಾಪಿನ ಮೇಲೆಯೇ ಕಣ್ಣು ಮುಚ್ಚುತ್ತಿತ್ತಂತೆ. ಹೊಸ ಆಪ್‌ಗೆ ಬಣ್ಣಗಿಣ್ಣ ಏನೂ ಇಲ್ಲ, ದನಿ ಮಾತ್ರ. ಎರಡು ಹೊತ್ತು ಹುಳದ ಮನೆಯ ಉಷ್ಣಾಂಶ ಹಾಕಿದರೆ, ನೆಟ್ ಇಲ್ಲದೆಯೂ ಫೋನಿನೊಳಗೇ ಲೆಕ್ಕ ಮಾಡಿ ಸೊಪ್ಪಿನ ಹೊತ್ತು ಹೇಳುತ್ತದೆ.

ಹನ್ನೊಂದು ಮನೆಯವರು ಅದನ್ನು ಹಾಕಿಸಿಕೊಂಡಿದ್ದಾರೆ. ಹೋದ ವಾರ, ಮೊಮ್ಮಗಳ ಒತ್ತಾಯಕ್ಕೆ, ಅಶ್ವತ್ಥಪ್ಪನವರೂ. ಅವರು ಮತ್ತೆ ನಂಬುತ್ತಾರೆಯೇ ಎಂಬುದೊಂದೇ ಚಂದನ ಅವರಿಗೆ ಚಿಂತೆ. ನಾವು ಕಾಫಿ ಕುಡಿಯುತ್ತಿರುವಾಗ ಅಶ್ವತ್ಥಪ್ಪನವರದೇ ಫೋನು ಬರುತ್ತದೆ. ಚಂದನ ಲೋಟ ಕೆಳಗಿಟ್ಟು, ಸ್ಪೀಕರ್ ಹಾಕುತ್ತಾರೆ.

"ಅಮ್ಮಾ, ನಿನ್ನೆ ಮದ್ವೆಗೋಗಿ ಉಷ್ಣಾಂಶ ಹಾಕೋದು ಮರ್ತೋದೆ. ಈಗ ಕೇಳಿದ್ರೆ ನಿನ್ ಫೋನು 'ನಂಗೆ ಗೊತ್ತಿಲ್ಲ, ಹುಳ ನೋಡಿ' ಅಂತದೆ."

"ಹೌದು ತಾತ, ಹಂಗೇ ಹೇಳುತ್ತೆ. ಸೊಪ್ಪು ಹಾಕ್ಬಿಟ್ರಾ?"

"ಎಲ್ಲಿ ಹಾಕ್ಲಿ? ಮೊಮ್ಮಗಳನ್ನ ಕರ್ದು ನೋಡ್ಸ್ದೆ, ಇನ್ನೂ ಅರ್ಧ ಮಲಗವೆ. ಬಿಡಮ್ಮ, ಈ ಫೋನಿರ್ಲಿ."

ಚಂದನ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನತ್ತ ತಿರುಗುತ್ತಾರೆ. "ಲೆಕ್ಕ ಕಲ್ಸೋಕೆ ಒಂದು ತಿಂಗ್ಳು ಸಾಕಾಯ್ತು ಸರ್. 'ಗೊತ್ತಿಲ್ಲ' ಅನ್ನೋದು ಕಲ್ಸೋಕೇ ಮೂರು ತಿಂಗ್ಳು ಹಿಡೀತು."